ಒಂದೂವರೆ ಗೇಣು

ಸಂಜೆ ಸ್ಟೇಷನ್ ರೋಡಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ. ಪಂಕ್ಚರ್.

ಫುಟ್‌ಪಾತ್ ಮೇಲೆ ಒಬ್ಬ ಅಜ್ಜಿ ನಿಂತುಬಿಟ್ಟಿದ್ದರು. ಕಂಕುಳಲ್ಲಿ ಮೆಂತ್ಯೆ ಸೊಪ್ಪಿನ ಚೀಲ. ಎದುರಿಗೆ ಟ್ರಾನ್ಸ್‌ಫಾರ್ಮರ್. ಫುಟ್‌ಪಾತ್ ಅಲ್ಲಿಗೇ ಖಲಾಸ್.

"ಯಪ್ಪಾ, ಒಂಚೂರು ಕೈ ಹಿಡಿ. ಹತ್ತೂದು ಹೆಂಗೋ ಹತ್ತೀನಿ, ಇಳ್ಯಾಕ ಆಗವಲ್ದು."

ಇಳಿಸಿದೆ. ಅವರು ಹೋದ ಮೇಲೆ ಸುಮ್ನೆ ಬಗ್ಗಿ ಗೇಣು ಹಾಕಿದೆ. ಒಂದೂವರೆ ಗೇಣು! ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ದಾಟಬಾರದು ಅಂತಿದೆ. ಅದು ಒಂದು ಗೇಣೂ ಆಗುವುದಿಲ್ಲ. (ಪಾನ್ ಅಂಗಡಿಯವನು ನನ್ನನ್ನೇ ನೋಡುತ್ತಿದ್ದ, ಏನು ಕಳಕೊಂಡಿದ್ದಾನೆ ಇವನು ಅಂತ.)

ನಮ್ಮದು ಸೈಕಲ್ ಮಂದಿಯ ಸೀಮೆ, ಅಲ್ವಾ? ವಿಜಯಪುರ, ಬಾಗಲಕೋಟೆ ಹುಡುಗರು ನ್ಯಾಷನಲ್ಸ್‌ಗೆ ಹೋಗಿ ಪದಕ ತರುತ್ತಾರೆ. ಪ್ರಾಕ್ಟೀಸ್ ಮಾತ್ರ ಹೈವೇಯಲ್ಲಿ, ಲಾರಿಗಳ ಪಕ್ಕ. ಊರೊಳಗೆ ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾವರೆಗೆ ಸೈಕಲ್ಲಿಗೆ ಅಂತ ಒಂದು ಗೆರೆಯಾದರೂ ಎಳೆದು, ಫುಟ್‌ಪಾತ್ ತಗ್ಗಿಸಿದರೆ ಸಾಕು, ಪ್ರವಾಸಿಗರೂ ಬರುತ್ತಾರೆ, ಅಜ್ಜಿಯೂ ನಡೆಯುತ್ತಾರೆ.

ಪಂಕ್ಚರ್ ಅಂಗಡಿಯವರು ಟ್ಯೂಬಿನಿಂದ ಮೂರು ಜಾಲಿಮುಳ್ಳು ತೆಗೆದು ಅಂಗೈಗಿಟ್ಟರು.

"ಗಾಡಿ ತಗೋರಿ ಸರ್," ಅಂದರು.