ಓಡಿ ಅಂದವನೇ ಓಡಬೇಕಾಯಿತು

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಮೆಡಿಕಲ್ ಶಾಪ್‌ನಲ್ಲಿ ಹನ್ನೊಂದು ವರ್ಷದಿಂದ ಫಾರ್ಮಸಿಸ್ಟ್ ಆಗಿದ್ದೇನೆ. ಡಾಕ್ಟರ ಅಕ್ಷರ ಓದುವುದರಲ್ಲಿ ನನಗೆ ಅಂಗಡಿಯಲ್ಲಿ ಹೆಸರಿದೆ. ಉಳಿದವರಿಗೆ ಕೋಳಿ ಕೆದರಿದಂತೆ ಕಾಣುವ ಚೀಟಿ ನನ್ನ ಕೈಗೆ ಬಂದರೆ ಅರ್ಧ ನಿಮಿಷದಲ್ಲಿ ಗುಳಿಗೆ ಕೌಂಟರ್ ಮೇಲಿರುತ್ತದೆ. ಆ ಜಂಬ ಇಳಿದದ್ದು ಒಂದು ಸೋಮವಾರ.

ಮಧ್ಯಾಹ್ನ ಒಂದರ ಹೊತ್ತು. ಓಪಿಡಿ ಮುಗಿಯುವ ಸಮಯ, ಕೌಂಟರ್ ಮುಂದೆ ಜಾತ್ರೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಂದರು. ಬೆರಳ ಗಂಟುಗಳು ಬಾತಿದ್ದವು. ಚೀಟಿ ಚಾಚಿ, "ಐತ್ವಾರದ ಗುಳಿಗಿ ಅದ ಏನಪಾ?" ಅಂದರು. ನಾನು ತಲೆಯನ್ನೂ ಎತ್ತಲಿಲ್ಲ. "ಐತ್ವಾರ ಮಧ್ಯಾಹ್ನದ ತನಕಾ ಅಂಗಡಿ ತಗದಿರ್ತದ, ಆಯಿ" ಅಂದೆ. ಅವರು ಏನೋ ಹೇಳಲು ಹೋಗಿ ಸುಮ್ಮನಾದರು.

ಡಿ.ಫಾರ್ಮಾ ಮುಗಿಸಿ ಸೇರಿದ್ದ ಹುಡುಗಿ ಪಕ್ಕದಲ್ಲಿದ್ದಳು. ಚೀಟಿ ನೋಡಿ, "ಅಣ್ಣಾ, ಇದು ಡಿ ಇದ್ದಂಗ ಕಾಣವಲ್ದು" ಅಂದಳು.

"ಓಡಿ ಅದ. ಹಾಕು."

ಹಾಕಿದಳು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ 'ಓ' ಒತ್ತಿದರೆ ಸಾಕು, ತಾನೇ ಓಡಿ ಅಂತ ತುಂಬಿಕೊಳ್ಳುತ್ತದೆ. ಅಜ್ಜಿಗೆ ಓದಲು ಬಾರದು ಅಂತ ಕವರ್ ಮೇಲೆ ಒಂದು ಸೂರ್ಯನ ಚಿತ್ರ ಬರೆದಳು, ಸ್ಟ್ರಿಪ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ. ದಿನಾ ಬೆಳಿಗ್ಗೆ ಒಂದು. ಹತ್ತು ಗುಳಿಗೆ.

ನಮ್ಮ ಕಸುಬಿನಲ್ಲಿ ಈ ಅಕ್ಷರಗಳೇ ಭಾಷೆ. ಓಡಿ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ. ಆದರೆ ಎದುರಿನ ಬ್ಯಾಂಕಿನವರಿಗೆ ಓಡಿ ಅಂದರೆ ಓವರ್‌ಡ್ರಾಫ್ಟ್, ಟಿಡಿಎಸ್ ಅಂದರೆ ಸಂಬಳದಲ್ಲಿ ಹಿಡಿಯುವ ತೆರಿಗೆ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದೇ ಓಡಿ ಬಲಗಣ್ಣು ಆಗುತ್ತದೆ. ಒಮ್ಮೆ ಒಬ್ಬರು ಜ್ವರದ ಗುಳಿಗೆಯ ಮುಂದೆ ಎಸ್‌ಒಎಸ್ ನೋಡಿ, "ಅಷ್ಟ ಸೀರಿಯಸ್ ಅದ ಏನ್ರಿ?" ಅಂತ ಬೆವರಿದ್ದರು. ಹಡಗು ಮುಳುಗುವಾಗ ಕಳಿಸುವ ಎಸ್‌ಒಎಸ್ ಬೇರೆ, ನಮ್ಮದು ಬೇರೆ. ನಮ್ಮದು ಲ್ಯಾಟಿನ್‌ನಿಂದ ಬಂದದ್ದು, 'ಬೇಕಾದರೆ ಮಾತ್ರ' ಅಂತ ಅರ್ಥ. ಅವತ್ತು ನಾವೆಲ್ಲ ಎಷ್ಟು ನಕ್ಕಿದ್ದೆವು!

ಅಜ್ಜಿಯ ಚೀಟಿಯಲ್ಲಿದ್ದ ಫೋಲಿಕ್ ಆಸಿಡ್ ಶಾರ್ಟ್ ಇತ್ತು. ನಾಳೆ ಬನ್ನಿ ಅಂತ ಕಳಿಸಿದ್ದೆವು. ಗದ್ದಲ ಸ್ವಲ್ಪ ಇಳಿದ ಮೇಲೆ ಚೀಟಿಯ ಫೋಟೊವನ್ನು ನಮ್ಮ ಧಾರವಾಡದ ಬ್ರ್ಯಾಂಚಿಗೆ ವಾಟ್ಸಾಪ್ ಮಾಡಿದೆ. ಅಲ್ಲಿಯ ಫಾರ್ಮಸಿಸ್ಟ್ ಉತ್ತರ ಹಾಕಿದ: "ಫೋಲಿಕ್ ಅದ, ಕಳಸ್ತೀನಿ. ಮೆಥೊಟ್ರೆಕ್ಸೇಟ್ ಓ ಡಬ್ಲ್ಯು ಅಲ್ವಾ? ಎಷ್ಟ ಕೊಟ್ರಿ?"

ಫೋಟೊ ದೊಡ್ಡದು ಮಾಡಿ ನೋಡಿದೆ. ಡಿ ಅಲ್ಲ. ಡಬ್ಲ್ಯು. ವಾರಕ್ಕೊಮ್ಮೆ.

ಅಕ್ಷರ ಬಿಡಿ, ಗುಳಿಗೆಯ ಹೆಸರು ನೋಡಿದರೂ ನನಗೆ ಗೊತ್ತಾಗಬೇಕಿತ್ತು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದೇ ವಾರಕ್ಕೊಮ್ಮೆ. ದಿನಾ ನುಂಗಿದರೆ ಬಾಯಿ ತುಂಬ ಹುಣ್ಣಾಗುತ್ತದೆ, ರಕ್ತದ ಕಣ ಇಳಿಯುತ್ತವೆ, ಜೀವವೇ ಹೋಗಬಹುದು. ಕಾಲೇಜಿನಲ್ಲಿ ಓದಿದ್ದು, ಪರೀಕ್ಷೆಯಲ್ಲಿ ಬರೆದದ್ದು. ಹತ್ತು ಗುಳಿಗೆ, ಒಂದು ಸೂರ್ಯ.

ಬಿಲ್‌ನಲ್ಲಿ ಇದ್ದದ್ದು ಮಗನ ನಂಬರ್. ಮೂರು ಸಲ ರಿಂಗ್ ಆಗಿ ಕಟ್ ಆಯಿತು. ನಡುವೆ ಯಾರೋ ಬಂದು ಕೆಮ್ಮಿನ ಔಷಧಿ ಕೇಳಿದರು, ನಾನು ಗ್ಯಾಸಿನ ಗುಳಿಗೆ ಕೊಟ್ಟೆ, ಆ ಹುಡುಗಿ ಬದಲಿಸಿ ಕೊಟ್ಟಳು. ಅವಳ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ನಾಲ್ಕನೇ ಸಲ ಮಗ ಎತ್ತಿದರು. ಇರುವುದು ಬೆಂಗಳೂರಲ್ಲಿ. "ಅವ್ವನ ಹತ್ರ ಫೋನ್ ಇಲ್ರಿ. ಈಗರೆ ಯಾರದೋ ಫೋನಿಂದ ಮಾಡಿದ್ಲು, ಸಿಬಿಟಿಯೊಳಗ ಬಸ್ ಕಾಯಾಕತ್ತಾಳ" ಅಂದರು. ಪೂರ್ತಿ ಕೇಳಿಸಿಕೊಳ್ಳದೆ ಸ್ಕೂಟರ್ ಕೀಲಿ ಎತ್ತಿಕೊಂಡೆ. ಮಾಲೀಕರು ಹಿಂದಿನಿಂದ "ಕೌಂಟರ್ ಯಾರ್ ನೋಡ್ತಾರಲೇ?" ಅಂತ ಕೂಗಿದ್ದು ಕೇಳಿತು.

ಸಿಬಿಟಿ ಬಸ್ ನಿಲ್ದಾಣದಲ್ಲಿ ಒಂದು ಬಸ್ಸೂ ಬಿಡಲಿಲ್ಲ. ಹತ್ತಿದೆ, ಇಳಿದೆ. ಕೋಲು ಹಿಡಿದ ಅಜ್ಜಿಯರು ಐದಾರು ಜನ ಇದ್ದರು, ಅವರಲ್ಲಿ ನಮ್ಮ ಅಜ್ಜಿ ಇಲ್ಲ. ಕಂಡಕ್ಟರ್ ಒಬ್ಬರು "ಏನ್ ಕಳಕೊಂಡೀರಿ?" ಅಂದರು. ಏನಂತ ಹೇಳಲಿ?

ಮತ್ತೆ ಮಗನಿಗೆ ಫೋನ್ ಮಾಡಿದೆ.

"ಯಾವ ಸಿಬಿಟಿರೀ?"

"ಧಾರವಾಡದ್ದು. ನಮಗ ಸಿಬಿಟಿ ಅಂದ್ರ ಅದ ಅಲ್ರೀ."

ಹುಬ್ಬಳ್ಳಿಗೊಂದು ಸಿಬಿಟಿ, ಧಾರವಾಡಕ್ಕೊಂದು ಸಿಬಿಟಿ. ಇಲ್ಲೇ ಹುಟ್ಟಿ ಬೆಳೆದವನು ನಾನು, ಹೊಳೆಯಲಿಲ್ಲ. ನಾನು ಇಲ್ಲಿ ಬಸ್ಸು ಹತ್ತಿಳಿಯುವಾಗ ಅವರು ಚಿಗರಿ ಬಸ್ಸು ಹಿಡಿದು ಆಗಲೇ ಧಾರವಾಡದ ಜ್ಯುಬಿಲಿ ಸರ್ಕಲ್ ದಾಟಿದ್ದರು. ಬ್ರ್ಯಾಂಚಿನ ಆ ಫಾರ್ಮಸಿಸ್ಟ್‌ಗೆ ಫೋನ್ ಮಾಡಿದೆ. ಊಟ ಬಿಟ್ಟು ಎದ್ದು ಹೋದ ಪುಣ್ಯಾತ್ಮ. ನಮ್ಮ ಹಸಿರು ಕವರ್ ನೋಡಿ ಗುರುತು ಹಿಡಿದ. ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು, ಅಜ್ಜಿಯ ಕೈಗೇ ಕೊಟ್ಟ.

"ಡಾಕ್ಟರು ಐತ್ವಾರಕ್ಕೊಮ್ಮೆ ಅಂದಿದ್ರಪಾ. ನೀವು ದಿನಾ ಅಂತ ಸೂರ್ಯಾನ ಬರದ ಕೊಟ್ರಿ. ಯಾರ ಮಾತು ಕೇಳಲಿ ಅಂತ ಕುಂತಿದ್ದೆ. ನಿಮ್ಮನ್ನೂ ಕೇಳಿದ್ನೆಲ್ಲಾ, ಐತ್ವಾರದ ಗುಳಿಗಿ ಅಂತ?"

ಕೇಳಿದ್ದರು. ಇಡೀ ಕೌಂಟರಿನಲ್ಲಿ ಆ ಗುಳಿಗೆಗೆ ಸರಿಯಾದ ಹೆಸರು ಹೇಳಿದ್ದು ಅವರೊಬ್ಬರೇ.

ಔಷಧಿಯ ಹೆಸರು ಓದುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ವೈದ್ಯರಿಗೆ 2016ರಲ್ಲಿ ನಿಯಮ ಬಂದಿದೆ. ಹೆಸರಿನ ಪಕ್ಕದ ಎರಡಕ್ಷರದ ಮಾತು ಅದರಲ್ಲಿಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳು ಬರೆಯಲೇಬಾರದ ಸಂಕ್ಷೇಪಗಳ ಪಟ್ಟಿ 2004ರಲ್ಲೇ ಬಂತು. ಇನ್ಸುಲಿನ್ ಯೂನಿಟ್‌ಗೆ ಬರೀ 'ಯು' ಹಾಕುವಂತಿಲ್ಲ, ಅದು ಸೊನ್ನೆಯಂತೆ ಕಂಡು 4 ಹೋಗಿ 40 ಆಗುತ್ತದೆ. ಇದನ್ನೆಲ್ಲ ಆ ರಾತ್ರಿ ನಿದ್ದೆ ಬಾರದೆ ಓದಿದೆ. ಆದರೆ ನಿಯಮದ ಮೇಲೆ ಹಾಕಿ ನಾನು ಪಾರಾಗುವ ಹಾಗಿಲ್ಲ. ಅವತ್ತು ಇಬ್ಬರು ಹೇಳಿದ್ದರು, ಇಬ್ಬರ ಮಾತೂ ನಾನು ಕೇಳಲಿಲ್ಲ. ಹುಡುಗಿಗೆ ಸಂಜೆ ಚಹಾ ಕೊಡಿಸಿ ತಪ್ಪಾಯ್ತು ಅಂದೆ. "ಇರ್ಲಿ ಬಿಡ್ರಿ ಅಣ್ಣಾ" ಅಂದಳು. ಈಗ ಪ್ರತಿ ಚೀಟಿಯನ್ನೂ ಎರಡು ಸಲ ಕೇಳುತ್ತಾಳೆ. ಒಮ್ಮೊಮ್ಮೆ ಸಿಟ್ಟು ಬರುತ್ತದೆ, ನುಂಗಿಕೊಳ್ಳುತ್ತೇನೆ.

ಮೆಥೊಟ್ರೆಕ್ಸೇಟ್ ಬಂದರೆ ಈಗ ಹತ್ತರ ಸ್ಟ್ರಿಪ್ ಕೊಡುವುದಿಲ್ಲ. ತಿಂಗಳಿಗೆ ನಾಲ್ಕು ಕತ್ತರಿಸಿ, ಕೆಂಪು ಪೆನ್ನಿನಲ್ಲಿ ವಾರದ ಹೆಸರು ಬರೆದು, ಬಾಯಲ್ಲೂ ಹೇಳಿಸಿ ಕಳಿಸುತ್ತೇವೆ. ಕತ್ತರಿಸಿದ ಸ್ಟ್ರಿಪ್ ವಾಪಸ್ ಹೋಗುವುದಿಲ್ಲ ಅಂತ ಮಾಲೀಕರ ಗೊಣಗಾಟ ಇದ್ದೇ ಇದೆ. ಸಾಫ್ಟ್‌ವೇರ್‌ನಲ್ಲಿ ವಾರಕ್ಕೊಮ್ಮೆ ಅನ್ನುವ ಆಯ್ಕೆಯೇ ಇಲ್ಲ ಅಂತ ಕಂಪನಿಗೆ ಐದು ಸಲ ಹೇಳಿದೆ. ಕೊನೆಗೆ ಹೋದ ತಿಂಗಳ ಅಪ್‌ಡೇಟ್‌ನಲ್ಲಿ ಸೇರಿಸಿದ್ದಾರೆ. ಓಡಿ ಕೆಳಗೇ ಓ ಡಬ್ಲ್ಯು ಕೂತಿದೆ. 'ಓ' ಒತ್ತಿದರೆ ಈಗಲೂ ಮೊದಲು ಬರುವುದು ಓಡಿಯೇ.