ಹೊಸದಾಗಿ ಕಟ್ಟಿದ ಇಂಜಿನ್ ಎಷ್ಟು ಹೊತ್ತು ಐಡಲ್‌ನಲ್ಲಿ ಓಡಬೇಕು?

ಹಳೇ ಕಾರಿನ ಇಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಹೊಸ ರಿಂಗು, ಬೇರಿಂಗು, ಕ್ಯಾಮ್‌ಶಾಫ್ಟ್ ಹಾಕಿ ಕಟ್ಟಿದವರೆಲ್ಲ ನನ್ನನ್ನು ಕೇಳುವುದು ಇದೊಂದೇ. ಮೊದಲ ಸಲ ಸ್ಟಾರ್ಟ್ ಆದ ಮೇಲೆ ಎಷ್ಟು ಹೊತ್ತು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ಬಿಡಬೇಕು? ಬಿಡಲೇಬೇಡಿ ಅನ್ನುತ್ತೇನೆ. ಆಗ ನನ್ನ ಮುಖವನ್ನೇ ನೋಡುತ್ತಾರೆ. ಇಂಜಿನ್ ಈಗಷ್ಟೇ ಎದ್ದಿದೆ, ಬಾಣಂತಿ ಥರ ನೋಡಿಕೊಳ್ಳಬೇಕು ಅಂತ ಅವರ ಲೆಕ್ಕ.

ನಾನು ಹೇಳುತ್ತಿರುವುದು ಪುಶ್‌ರಾಡ್ ಇರುವ, ಫ್ಲಾಟ್ ಟ್ಯಾಪೆಟ್ ಇರುವ ಹಳೇ ಇಂಜಿನ್‌ಗಳ ಬಗ್ಗೆ. ಇವುಗಳಲ್ಲಿ ಕ್ಯಾಮ್‌ಶಾಫ್ಟಿನ ಉಬ್ಬು ಟ್ಯಾಪೆಟ್ ಎಂಬ ಸಣ್ಣ ತುಂಡನ್ನು ಎತ್ತುತ್ತದೆ, ಅದು ಪುಶ್‌ರಾಡ್ ಎಂಬ ಸರಳನ್ನು ದೂಡಿ ವಾಲ್ವ್ ತೆರೆಯುತ್ತದೆ. ತಳದಲ್ಲಿ ಉರುಳುವ ಚಕ್ರ ಇರುವ ರೋಲರ್ ಟ್ಯಾಪೆಟ್ ಇದ್ದರೆ ಈ ಭಯ ಇಲ್ಲ. ಫ್ಲಾಟ್ ಟ್ಯಾಪೆಟ್‌ನಲ್ಲಿ ಕ್ಯಾಮ್‌ನ ಉಬ್ಬು ಟ್ಯಾಪೆಟ್ಟಿನ ತಳಕ್ಕೆ ಉಜ್ಜಿಕೊಂಡೇ ತಿರುಗುತ್ತದೆ. ಅಲ್ಲಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ತಿರುಗುವಾಗ ಎರಚುವ ಹನಿಗಳಿಂದ. ಐಡಲ್‌ನಲ್ಲಿ ಆ ಎರಚಾಟ ಸಾಲದು. ಎರಡೂ ಮೇಲ್ಮೈ ಹೊಸದು, ಇನ್ನೂ ಒಂದಕ್ಕೊಂದು ಹೊಂದಿಕೊಂಡಿಲ್ಲ, ಕೆಲವೇ ನಿಮಿಷದಲ್ಲಿ ಉಬ್ಬು ಸವೆದು ಹೋಗಬಹುದು. ಅದಕ್ಕೇ ಸ್ಟಾರ್ಟ್ ಆದ ತಕ್ಷಣ 2000ದಿಂದ 2500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಏರಿಳಿಸುತ್ತಾ, 20–30 ನಿಮಿಷ ಓಡಿಸಿ. ಎಲ್ಲಾದರೂ ಲೀಕ್ ಕಂಡರೆ ಐಡಲ್‌ಗೆ ಇಳಿಸಿ ಬಗ್ಗಿ ನೋಡುತ್ತಾ ನಿಲ್ಲಬೇಡಿ. ಆಫ್ ಮಾಡಿ, ಸರಿ ಮಾಡಿ, ಉಳಿದ ನಿಮಿಷಗಳನ್ನು ಆಮೇಲೆ ಮುಗಿಸಿ.

ಇಂಜಿನ್ ಮೊದಲೆರಡು ಸುತ್ತಿಗೇ ಹತ್ತಿಕೊಳ್ಳಬೇಕು ಅನ್ನುವುದೂ ಇದೇ ಕಾರಣಕ್ಕೆ. ನಾನು ಕಟ್ಟಿದ ಮೊದಲ ಇಂಜಿನ್ ಹಾಳಾಗಿದ್ದೇ ಇಲ್ಲಿ. ಟೈಮಿಂಗ್ ಗುರುತು, ಅಂದರೆ ಒಂದನೇ ಪಿಸ್ಟನ್ ಮೇಲೆ ಬಂತು ಅಂತ ತೋರಿಸುವ ಗುರುತು, ಸರಿಯಾಗಿ ಕೂತಿತ್ತು, ಅಲ್ವಾ, ಇನ್ನೇನು ಅಂದುಕೊಂಡು ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಳಿಸಿಬಿಟ್ಟೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಅಂದರೆ ಆ ಗುರುತು ಎರಡು ಸಲ ಕೂಡುತ್ತದೆ, ಕಂಪ್ರೆಶನ್ ಇರುವುದು ಒಂದರಲ್ಲಿ ಮಾತ್ರ. ನನ್ನದು ಇನ್ನೊಂದು. ಸೆಲ್ಫ್ ಹೊಡೆದೆ, ಹೊಡೆದೆ, ಕಾರ್ಬ್ಯುರೇಟರ್ ಒಳಗಿಂದ ಢಬ್ ಅಂತ ಬೆಂಕಿ ಉಗುಳಿತೇ ಹೊರತು ಇಂಜಿನ್ ಹತ್ತಲಿಲ್ಲ, ಅಷ್ಟು ಹೊತ್ತೂ ಕ್ಯಾಮ್‌ಗೆ ಕಟ್ಟುವಾಗ ಸವರಿದ್ದ, ಸವೆತ ತಡೆಯುವ ಪೇಸ್ಟ್ ಒರೆಸಿ ಹೋಗುತ್ತಿತ್ತು. ಕೊನೆಗೆ ಸರಿಮಾಡಿ ಸ್ಟಾರ್ಟ್ ಮಾಡಿದೆ, ಓಡಿತು. ಸ್ವಲ್ಪ ದಿನಕ್ಕೆ ಟಿಕ್ ಟಿಕ್ ಶುರುವಾಯಿತು. ವಾಲ್ವ್ ಗ್ಯಾಪ್ ಎಷ್ಟು ಸರಿಮಾಡಿದರೂ ಮತ್ತೆ ಜಾಸ್ತಿಯಾಗುತ್ತಿತ್ತು. ಬಿಚ್ಚಿದರೆ ಒಂದು ಟ್ಯಾಪೆಟ್ಟಿನ ತಳ ತಟ್ಟೆ ಥರ ಗುಳಿ ಬಿದ್ದಿತ್ತು, ಅದರ ಉಬ್ಬು ಅರ್ಧ ಸವೆದಿತ್ತು.

ಈಗ ನಾನು ಗುರುತನ್ನು ಮಾತ್ರ ನಂಬುವುದಿಲ್ಲ. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಬೆರಳು ಒತ್ತಿ ಹಿಡಿದು, ಕ್ರ್ಯಾಂಕ್ ಕೈಯಲ್ಲಿ ತಿರುಗಿಸುತ್ತೇನೆ. ಕಂಪ್ರೆಶನ್ ಬರುವಾಗ ಗಾಳಿ ಬೆರಳನ್ನು ದೂಡಿಕೊಂಡು ಪುಸ್ಸಂತ ಹೊರಬರುತ್ತದೆ. ಆಮೇಲೆ ಗುರುತಿಗೆ ತಂದರೆ ಅದೇ ಸರಿಯಾದ ಜಾಗ. ಎಲ್ಲಾ ಪ್ಲಗ್ ಬಿಚ್ಚಿಟ್ಟು, ಗೇಜಿನ ಮುಳ್ಳು ಏಳುವವರೆಗೆ ಮಾತ್ರ ಸೆಲ್ಫ್‌ನಲ್ಲೇ ತಿರುಗಿಸಿ ಆಯಿಲ್ ಪ್ರೆಶರ್ ಬರಿಸಿ. ಡಿಸ್ಟ್ರಿಬ್ಯೂಟರ್ ತೂತಿನಿಂದ ಪಂಪ್ ಸಿಗುವ ಇಂಜಿನ್ ಆದರೆ ಡ್ರಿಲ್ಲಿನಿಂದ ತಿರುಗಿಸುವುದು ಇನ್ನೂ ಒಳ್ಳೆಯದು, ಕ್ಯಾಮ್ ಅಲುಗುವುದೇ ಇಲ್ಲ. ಪಂಪ್ ಯಾವ ಕಡೆ ತಿರುಗಬೇಕು ಅಂತ ನೋಡಿಕೊಳ್ಳಿ. ಕಾರ್ಬ್ಯುರೇಟರ್ ಬೌಲಿಗೆ ಪೆಟ್ರೋಲ್ ತುಂಬಿಡಿ. ರೇಡಿಯೇಟರಿನಲ್ಲಿ ಗಾಳಿ ಉಳಿಯದ ಹಾಗೆ ನೀರು ತುಂಬಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲಿರಲಿ. ಮ್ಯಾನಿಫೋಲ್ಡಿಗೆ ಬಳಿದ ಹೊಸ ಬಣ್ಣ ಹೊಗೆಯಾಡುತ್ತದೆ, ಅದಕ್ಕೆ ಹೆದರಿ ಆಫ್ ಮಾಡಬೇಡಿ.

ಮುಂದಿನದು ಪಿಸ್ಟನ್ ರಿಂಗು. ಇಲ್ಲೂ ಮೆತ್ತಗೆ ಓಡಿಸುವವರೇ ಕೆಡಿಸಿಕೊಳ್ಳುವುದು. ರಿಂಗನ್ನು ಬೋರಿನ ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿ ಮಾತ್ರ ಅಲ್ಲ, ಉರಿದ ಗ್ಯಾಸ್ ರಿಂಗಿನ ಹಿಂದೆ ನುಗ್ಗಿ ದೂಡುವ ಒತ್ತಡವೂ ಹೌದು. ಲೋಡ್ ಇಲ್ಲದಿದ್ದರೆ ಆ ಒತ್ತಡ ಇಲ್ಲ. ಹೋನ್ ಮಾಡಿದ, ಅಂದರೆ ಗೋಡೆಗೆ ಕಲ್ಲು ಉಜ್ಜಿ ಎಳೆದ ಗೆರೆಗಳಲ್ಲಿ ಆಯಿಲ್ ಸುಟ್ಟು ಗಾಜಿನಂತೆ ಪದರ ಕಟ್ಟಿತು ಅಂದರೆ ರಿಂಗು ಇನ್ನು ಕೂರುವುದಿಲ್ಲ, ಮತ್ತೆ ಬಿಚ್ಚಿ ಹೋನ್ ಮಾಡಿಸಬೇಕು. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಸುಮಾರು 50ರಿಂದ 80 ಕಿ.ಮೀ. ವೇಗಕ್ಕೆ ಚೆನ್ನಾಗಿ ಆಕ್ಸಿಲರೇಟರ್ ಕೊಟ್ಟು ಏರಿಸಿ, ಪೂರ್ತಿ ಕಾಲು ತೆಗೆದು ಗೇರಿನಲ್ಲೇ ಇಳಿಯಲು ಬಿಡಿ. ಹೀಗೆ ಹತ್ತು ಸಲ. ಕಾಲು ತೆಗೆದಾಗ ಸಿಲಿಂಡರಿನಲ್ಲಿ ವ್ಯಾಕ್ಯೂಮ್ ಆಗಿ ಸ್ವಲ್ಪ ಆಯಿಲ್ ಮೇಲೆ ಬರುತ್ತದೆ, ಉಜ್ಜಿದ ಪುಡಿ ತೊಳೆದು ಹೋಗುತ್ತದೆ. ಆಮೇಲಿನ 800 ಕಿ.ಮೀ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಕಿರುಚಿಸಲೂ ಬೇಡಿ.

ಆಯಿಲ್ ಮಾತ್ರ ಮಿನರಲ್ಲೇ ಇರಲಿ, ಸವೆತ ತಡೆಯುವ ಜಿಂಕ್ ಚೆನ್ನಾಗಿರುವಂಥದ್ದು. ಇವತ್ತಿನ ಕಾರುಗಳ ಎಷ್ಟೋ ಆಯಿಲ್‌ಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಅದನ್ನು ಕಡಿಮೆ ಮಾಡಿದ್ದಾರೆ. ಮೊದಲ ಅರ್ಧ ಗಂಟೆ ಮುಗಿದ ಕೂಡಲೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ. ಅಷ್ಟು ಬೇಗ ಚೆಲ್ಲಬೇಕಾ ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ಸಣ್ಣ ಮಿನುಗು ಇದ್ದರೆ ಪರವಾಗಿಲ್ಲ. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗು. ಆಗ ಸ್ಟಾರ್ಟ್ ಮಾಡದೆ ಸಂಪ್ (ಇಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿ.