ಲಾಭ ಐತಿ, ರೊಕ್ಕ ಎಲ್ಲಿ ಹೋತು?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ಪದೇಪದೇ ಕೇಳುವ ಪ್ರಶ್ನೆ ಇದು: "ಆಡಿಟರು ಲಾಭ ಐತಿ ಅಂತಾರ, ಶನಿವಾರ ಬಟವಾಡೆಗೆ ರೊಕ್ಕ ಇರಂಗಿಲ್ಲ. ಹೋಗಿದ್ದೆಲ್ಲಿ?"

ಲಾಭ ಬಿಲ್ ಹಾಕಿದ ದಿನವೇ ಪುಸ್ತಕಕ್ಕೆ ಏರುತ್ತದೆ. ರೊಕ್ಕ ಪಾರ್ಟಿ, ಅಂದರೆ ಮಾಲು ಕೊಂಡವರು, ಕೊಟ್ಟ ದಿನ ಬರುತ್ತದೆ. ಈ ಎರಡರ ನಡುವಿನ ದಿನಗಳನ್ನು ಎಣಿಸಬೇಕು.

ಲೆಕ್ಕಕ್ಕೆ ಒಂದು ಲಾಟ್, 1,000 ಪ್ಯಾಂಟ್ ಎಂದುಕೊಳ್ಳಿ. ಬಟ್ಟೆಗೆ 2,00,000 ರೂಪಾಯಿ, ಹೊಲಿಗೆಗೆ 80,000, ವಾಷಿಂಗ್‌ಗೆ 40,000, ಜಿಪ್, ಗುಂಡಿ, ಲೇಬಲ್‌ಗೆ 30,000, ಪ್ಯಾಕಿಂಗ್ ಮತ್ತು ಲಾರಿಗೆ 10,000, ಬಾಡಿಗೆ ಮತ್ತು ಕರೆಂಟಿಗೆ 20,000. ಒಟ್ಟು 3,80,000. ಪ್ಯಾಂಟಿಗೆ 450ರಂತೆ ಮಾರಿದರೆ 4,50,000, ಲಾಭ 70,000. ಒಳ್ಳೆಯ ಲಾಭವೇ.

ಈಗ ತಾರೀಖು ಹಾಕಿ. ಬಟ್ಟೆಯ ಅರ್ಧ ಹಣ ಮೊದಲ ದಿನವೇ, ಉಳಿದರ್ಧ 30 ದಿನಕ್ಕೆ. ಹೊಲಿಗೆಯವರಿಗೆ ವಾರವಾರ. 25ನೇ ದಿನ ಮಾಲು ಹೋಯಿತು, ಪಾರ್ಟಿಗೆ 60 ದಿನದ ಉದ್ರಿ. ಅಂದರೆ ಮೊದಲ ರೂಪಾಯಿ ಬರುವುದು 85ನೇ ದಿನ. ತಿಂಗಳಿಗೊಂದು ಲಾಟ್ ಹಾಕುವವರು ಅಷ್ಟರಲ್ಲಿ ಮೂರನೇ ಲಾಟ್ ಕಳಿಸಿರುತ್ತಾರೆ. ಅದರ ಬಟ್ಟೆಯ ಅರ್ಧ ಬಾಕಿ ಬಿಟ್ಟರೂ 10,40,000 ರೂಪಾಯಿ ಕೈಬಿಟ್ಟಿರುತ್ತದೆ. ದೀಪಾವಳಿಗೆ ಆರ್ಡರ್ ದುಪ್ಪಟ್ಟಾದರೆ ಈ ಮೊತ್ತವೂ ದುಪ್ಪಟ್ಟಾಗುತ್ತದೆ. ವ್ಯಾಪಾರ ಕುದುರಿದಾಗಲೇ ಘಟಕಗಳು ಬಡ್ಡಿ ಸಾಲಕ್ಕೆ ಬೀಳುವುದು ಇದೇ ಕಾರಣಕ್ಕೆ.

ಲಾಭದ ಲೆಕ್ಕದಲ್ಲಿ ಕಾಣದ ಹೊರಹರಿವುಗಳೂ ಇವೆ. ಮಷಿನ್ ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಮನೆಗೆ ಒಯ್ದ ಹಣವೂ ಖರ್ಚಲ್ಲ. ಮೂಲೆಯಲ್ಲಿ ಬಿದ್ದ ಹೆಚ್ಚುವರಿ ಸೈಜಿನ ಮಾಲು ವರ್ಷದ ಕೊನೆಗೆ ಸ್ಟಾಕ್ ಎಂದು ಪುಸ್ತಕದಲ್ಲಿ ಕೂರುತ್ತದೆ, ರೊಕ್ಕ ಮಾತ್ರ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ವಾಷಿಂಗ್‌ನಲ್ಲಿ ಬಟ್ಟೆ ಕುಗ್ಗಿ ಸೈಜ್ ತಪ್ಪಿದ ಮಾಲು ಹೀಗೇ ಉಳಿಯುವುದು. ಕತ್ತರಿಸುವ ಮೊದಲು ಬಟ್ಟೆಯ ಪ್ರತಿ ತಾನಿನಿಂದ (ಸುರುಳಿಯಿಂದ) ಒಂದು ತುಂಡು ತೊಳೆಸಿ ಅಳೆಯಿರಿ. ಜಿಎಸ್‌ಟಿ ಇನ್ನೊಂದು: ಪಾರ್ಟಿ ಕೊಡಲಿ ಬಿಡಲಿ, ತಿಂಗಳ ರಿಟರ್ನ್ ಹಾಕುವವರು ಬಿಲ್ಲಿನ ಮರುತಿಂಗಳು 20ರೊಳಗೆ ಕಟ್ಟಲೇಬೇಕು.

ಪ್ರತಿ ಶನಿವಾರ ಮುಂದಿನ 13 ವಾರಗಳ ಹಾಳೆ ಬರೆಯಿರಿ: ಕೈಯಲ್ಲಿರುವುದು, ಬರುವುದು, ಹೋಗುವುದು, ಉಳಿಯುವುದು. ಬರುವ ಕಾಲಮ್ಮಿನಲ್ಲಿ ಬಿಲ್ಲಿನ ಗಡುವು ಬೇಡ, ಆ ಪಾರ್ಟಿ ಹಿಂದೆ ನಿಜವಾಗಿ ಕೊಟ್ಟ ದಿನ ನೋಡಿ ಬರೆಯಿರಿ. ಉಳಿಕೆ ಸೊನ್ನೆಗಿಂತ ಕೆಳಗೆ ಹೋಗುವ ವಾರ ಎರಡು ತಿಂಗಳ ಮೊದಲೇ ಕಾಣುತ್ತದೆ.

ಅಂಥ ವಾರ ಕಂಡಾಗ ಕೈಸಾಲಕ್ಕೆ ಮೊದಲು ಬೇಗ ಕೊಟ್ಟರೆ ನಗದು ರಿಯಾಯಿತಿ ಕೊಡುತ್ತೇವೆ ಎಂದು ಪಾರ್ಟಿಗೇ ಹೇಳಿ ನೋಡಿ. 4,50,000ರ ಬಿಲ್ಲಿಗೆ ನೂರಕ್ಕೆ ಎರಡು ಬಿಟ್ಟರೆ 9,000 ಹೋಗುತ್ತದೆ. ಅದೇ ಲಾಟಿನ 3,80,000 ಕೈಸಾಲ ತಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಎರಡು ತಿಂಗಳಿಗೆ 15,200 ಹೋಗುತ್ತದೆ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ, ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ ಹಣ ಕೊಡುವುದು ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ಆದಾಯ ತೆರಿಗೆ ಕಾನೂನಿನಲ್ಲಿ ಇದಕ್ಕೆ ನಿಯಮ (1961ರ ಕಾಯ್ದೆಯಲ್ಲಿ 43ಬಿ(ಎಚ್)) ಬಂದ ಮೇಲೆ, ತಡಮಾಡಿದ ಖರೀದಿದಾರ ಹಣ ಕೊಡುವ ತನಕ ಆ ಖರ್ಚನ್ನು ತನ್ನ ತೆರಿಗೆ ಲೆಕ್ಕದಲ್ಲಿ ತೋರಿಸಲಾರ. ಹಾಗಾಗಿ 60 ದಿನ ಕೇಳುವ ಪಾರ್ಟಿಯ ಜೊತೆ 45ಕ್ಕೆ ಮಾತಾಡುವುದಕ್ಕೆ ಸಂಕೋಚ ಬೇಡ, ಆರ್ಡರ್ ಹಿಡಿಯುವಾಗಲೇ ಮಾತಾಡಿ.